ಓಂ ಬೀಚಿನ ಬಂಡೆಗಳ ಮೇಲೆ ಓಡಾಡಬಹುದೇ?

ಪ್ರಶ್ನೆ: ಡಿಸೆಂಬರ್‌ನಲ್ಲಿ ಮಕ್ಕಳನ್ನು ಕರೆದುಕೊಂಡು ಗೋಕರ್ಣಕ್ಕೆ ಹೊರಟಿದ್ದೇವೆ. ಈಜಲು ಬಿಡುವುದಿಲ್ಲವಂತೆ. ಬಂಡೆಗಳ ಮೇಲಾದರೂ ಸುತ್ತಾಡಬಹುದೇ? ಯಾವ ಹೊತ್ತು ಒಳ್ಳೆಯದು?
– ಓದುಗರು, ಹುಬ್ಬಳ್ಳಿ

ಉತ್ತರ: ಅಲ್ಲಿನ ಬೋರ್ಡನ್ನು ಮೊದಲು ಪೂರ್ತಿ ಓದಿ. ಬಂಡೆ ಹತ್ತಬಾರದು ಎಂದೂ ಬರೆದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಇಲ್ಲದಿದ್ದರೆ ಹೋಗಬಹುದು, ಇಳಿತ (ಕಡಲ ನೀರು ಪೂರ್ತಿ ಹಿಂದೆ ಸರಿದಿರುವ ಹೊತ್ತು) ನೋಡಿಕೊಂಡು.

ಕಾರವಾರ ಬಂದರಿನ ಉಬ್ಬರ-ಇಳಿತದ ಪಟ್ಟಿ ಗೋಕರ್ಣಕ್ಕೂ ಸಾಕು. ಸಾಮಾನ್ಯವಾಗಿ ದಿನಕ್ಕೆ ಎರಡು ಇಳಿತ. ಮಾರನೆಯ ದಿನ ಸುಮಾರು 50 ನಿಮಿಷ ತಡ. ಇಳಿತಕ್ಕೆ ಒಂದೂವರೆ ತಾಸು ಮುಂಚೆ ಬಂಡೆಗೆ ಹೋಗಿ, ಸರಿಯಾಗಿ ಇಳಿತದ ಹೊತ್ತಿಗೆ ವಾಪಸು ಹೊರಡಿ. ತಡಮಾಡಿದರೆ ಬಂದ ದಾರಿಯ ತಗ್ಗಿನಲ್ಲಿ ನೀರು ತುಂಬಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ನೀರು ಬಹಳ ಹಿಂದೆ ಸರಿಯುತ್ತದೆ ನಿಜ, ಆದರೆ ಆಗ ಇಳಿತ ಬೀಳುವುದು ಬೆಳಗಿನ ಜಾವ ಮತ್ತು ಸಂಜೆ 5ರ ಆಚೀಚೆ. ಡಿಸೆಂಬರ್‌ನಲ್ಲಿ 6ಕ್ಕೆಲ್ಲ ಹೊತ್ತು ಮುಳುಗುತ್ತದೆ. ಮಕ್ಕಳಿದ್ದರೆ ಹುಣ್ಣಿಮೆ ಕಳೆದ ನಾಲ್ಕೈದನೆಯ ದಿನ ಲೇಸು. ಬೆಳಗಿನ ಇಳಿತ 8–9ರ ಸುಮಾರಿಗೆ ಸಿಗುತ್ತದೆ.

ಬಂಡೆಗೆ ಕಾಲಿಡುವ ಮೊದಲು 20 ನಿಮಿಷ ದಡದಲ್ಲೇ ಕೂತು ನೋಡಿ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ನಡುವೆ ಐದಾರು ನಿಮಿಷ ಕಡಲು ಸುಮ್ಮನಿದ್ದಂತೆ ಕಾಣಬಹುದು. ಸೆಲ್ಫಿಗೆಂದು ಕಡಲಿಗೆ ಬೆನ್ನು ಹಾಕುವವರು ಮೋಸಹೋಗುವುದು ಈ ಬಿಡುವಿನಲ್ಲೇ. ಬಂಡೆ ಎಲ್ಲಿಯವರೆಗೆ ಒದ್ದೆಯಾಗಿದೆಯೋ ಅದರಿಂದ ನಾಲ್ಕೈದು ಹೆಜ್ಜೆ ಮೇಲೇ ಇರಿ.

ಹಸಿರು ಪಾಚಿಯನ್ನು ಎಲ್ಲರೂ ತಪ್ಪಿಸುತ್ತಾರೆ. ಜಾರಿಸುವುದು ಹೆಚ್ಚಾಗಿ ಒದ್ದೆಯಾದ ಕಪ್ಪು, ನುಣುಪು ಪಟ್ಟಿ; ಕಣ್ಣಿಗೆ ಕಾಣದಷ್ಟು ತೆಳುವಾದ ಪಾಚಿ ಅದರ ಮೇಲಿರುತ್ತದೆ, ಎಣ್ಣೆ ಸವರಿದ ಹಾಗೆ. ಹವಾಯಿ ಚಪ್ಪಲಿ ಬೇಡ, ರಬ್ಬರ್ ಅಡಿಯ ಕ್ಯಾನ್ವಾಸ್ ಶೂ ಸಾಕು. ಎರಡೂ ಕೈ ಖಾಲಿ ಇರಲಿ.

ನೀರು ನಿಂತ ಗುಂಡಿಯ ಪಕ್ಕ ಎರಡು ನಿಮಿಷ ಅಲುಗಾಡದೆ ಕೂತರೆ ಸತ್ತಂತಿದ್ದ ಶಂಖವೊಂದು ನಡೆಯತೊಡಗುತ್ತದೆ: ಒಳಗಿರುವುದು ಸನ್ಯಾಸಿ ಏಡಿ. ನೋಡಲಿ, ಆದರೆ ಮಕ್ಕಳು ಸಂದಿಗೆ ಕೈ ಹಾಕದಿರಲಿ. ಶಂಕುವಿನಾಕಾರದ ಚಂದದ ಶಂಖವನ್ನಂತೂ ಮುಟ್ಟಲೇಬಾರದು, ಅದರಲ್ಲಿ ವಿಷದ ಮುಳ್ಳಿರಬಹುದು.

ಯಾರಾದರೂ ನೀರಿಗೆ ಬಿದ್ದರೆ ಹಿಂದೆಯೇ ಹಾರಬೇಡಿ. ಮುಚ್ಚಳ ಬಿಗಿದ ಖಾಲಿ ಕ್ಯಾನ್ ಎಸೆಯಿರಿ, ಜೀವರಕ್ಷಕರನ್ನು ಕೂಗಿ, 112ಕ್ಕೆ ಕರೆ ಮಾಡಿ. ಸಿಂಪಿಯ ಅಂಚು ಕೊಯ್ದರೆ ಕುಡಿಯುವ ನೀರಿನಿಂದ ತೊಳೆದು ಚೂರು ತೆಗೆಯಿರಿ. ಗಾಯ ಕೆಂಪಾಗಿ ಊದಿಕೊಂಡರೆ ಅಂದೇ ವೈದ್ಯರಿಗೆ ತೋರಿಸಿ.