ಉದ್ಯಮಶೀಲತೆಯ ಪದವಿ: ಓದಿದ ಮೇಲೆ ಆದಾಯವೆಷ್ಟು?

ಪ್ರಶ್ನೆ: ನನ್ನ ಮಗಳು ವಾಣಿಜ್ಯ ವಿಭಾಗದಲ್ಲಿ ದ್ವಿತೀಯ ಪಿಯುಸಿ ಮುಗಿಸಿದ್ದಾಳೆ. ಬೆಂಗಳೂರಿನ ಖಾಸಗಿ ಕಾಲೇಜೊಂದರಲ್ಲಿ ಉದ್ಯಮಶೀಲತೆಯನ್ನು ಮುಖ್ಯ ವಿಷಯವಾಗಿ ಕಲಿಸುವ ಬಿಬಿಎ ಓದುತ್ತೇನೆ ಎನ್ನುತ್ತಾಳೆ. ಹಾಸ್ಟೆಲ್ ಸೇರಿ ಮೂರು ವರ್ಷಕ್ಕೆ ಒಂಬತ್ತು ಲಕ್ಷ ರೂಪಾಯಿ ಬೇಕು. ನಮ್ಮದು ಬೀಜ, ಗೊಬ್ಬರದ ಅಂಗಡಿ. ಇದನ್ನು ಓದಿದವರಿಗೆ ಕೆಲಸ ಸಿಗುತ್ತದೆಯೇ? ಎಷ್ಟು ದುಡಿಯುತ್ತಾರೆ?
– ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ನಿಮ್ಮ ಮಗಳ ಆಸೆ ಒಳ್ಳೆಯದೇ. ಆದರೆ ಪದವಿ ಮುಗಿಸಿದ ಮರುವರ್ಷವೇ ಸ್ವಂತ ಉದ್ಯಮದಿಂದ ಹಣ ಬರುತ್ತದೆ ಎಂಬ ಲೆಕ್ಕದ ಮೇಲೆ ಒಂಬತ್ತು ಲಕ್ಷ ಹೊಂದಿಸಬೇಡಿ. ಈ ಪದವೀಧರರಲ್ಲಿ ಬಹಳಷ್ಟು ಮಂದಿ ಮೊದಲು ಮಾರಾಟ, ಬ್ಯಾಂಕಿಂಗ್ ಅಥವಾ ಬೇರೆಯವರ ಸ್ಟಾರ್ಟ್‌ಅಪ್‌ಗಳಲ್ಲಿ ಸಂಬಳಕ್ಕೆ ಸೇರುತ್ತಾರೆ. ಕೆಲಸ ಕೊಡುವವರ ಕಣ್ಣಿಗೆ ಅದೂ ಒಂದು ಬಿಬಿಎ ಪದವಿಯೇ, ಉದ್ಯಮಶೀಲತೆ ಎಂಬ ಹೆಸರಿಗೆಂದು ಹೆಚ್ಚಿನ ಸಂಬಳ ಇಡುವವರು ವಿರಳ.

ಆದಾಯದ ವಿಷಯದಲ್ಲಿ ಆಗಾಗ ಉಲ್ಲೇಖಗೊಳ್ಳುವುದು ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಪದವೀಧರರನ್ನು ಕುರಿತು 2000ರಲ್ಲಿ ಬಂದ ಅಧ್ಯಯನ. ಅಲ್ಲಿ ಉದ್ಯಮಶೀಲತೆ ಓದಿದವರ ವಾರ್ಷಿಕ ಆದಾಯ ಉಳಿದ ವಾಣಿಜ್ಯ ಪದವೀಧರರಿಗಿಂತ ಶೇ 27ರಷ್ಟು ಹೆಚ್ಚಿತ್ತು, ಹೊಸ ಉದ್ಯಮಕ್ಕೆ ಕೈಹಾಕುವ ಸಾಧ್ಯತೆ ಮೂರು ಪಟ್ಟಿತ್ತು. ಆದರೆ ಮೊದಲೇ ಛಲವಿದ್ದವರು, ಮನೆಯಲ್ಲಿ ವ್ಯಾಪಾರ ಕಂಡವರು ಇಂಥ ಕೋರ್ಸನ್ನು ಹುಡುಕಿಕೊಂಡು ಬರುತ್ತಾರಾದ್ದರಿಂದ ಆ ಹೆಚ್ಚಳದಲ್ಲಿ ಪಾಠದ ಪಾಲೆಷ್ಟು, ಹುಟ್ಟುಗುಣದ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಅದೇ ವರ್ಷ ಅಮೆರಿಕದ ಸ್ವಉದ್ಯೋಗಿಗಳನ್ನು ಕುರಿತು ಬಂದ ಇನ್ನೊಂದು ಅಧ್ಯಯನದ ಪ್ರಕಾರ, ಹತ್ತು ವರ್ಷ ಸ್ವಂತ ವ್ಯವಹಾರ ನಡೆಸಿದ ನಡುಮಟ್ಟದ ವ್ಯಕ್ತಿಯ ಗಳಿಕೆ ಅಷ್ಟೇ ಕಾಲ ಸಂಬಳಕ್ಕೆ ದುಡಿದವನ ಗಳಿಕೆಗಿಂತ ಶೇ 35ರಷ್ಟು ಕಡಿಮೆ. ಕೆಲವರು ವಿಪರೀತ ಗಳಿಸುವುದರಿಂದ ಸರಾಸರಿ ಮೇಲೇರುತ್ತದೆ. ನಡುವಿನವರ ಸ್ಥಿತಿ ಅದರಲ್ಲಿ ಕಾಣುವುದಿಲ್ಲ.

ಇಂಥದೇ ಪದವಿ ಪಡೆದ ನನ್ನ ಪರಿಚಯದ ಯುವಕನೊಬ್ಬ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿಸಿ ಹುಬ್ಬಳ್ಳಿಯ ಅಂಗಡಿಗಳಿಗೆ ಹಾಕುತ್ತಾನೆ. ಅವನ ಲೆಕ್ಕದ ಪುಸ್ತಕವನ್ನು ಒಮ್ಮೆ ನೋಡಿದೆ. ಜೋಳ, ಶೇಂಗಾ, ಗ್ಯಾಸ್, ರೊಟ್ಟಿ ಬಡಿಯುವ ಆರು ಜನ ಹೆಂಗಸರ ಕೂಲಿ, ಆಟೋ ಬಾಡಿಗೆ, ಎಲ್ಲಕ್ಕೂ ಒಂದೊಂದು ಸಾಲಿತ್ತು. ಅವನ ಸ್ವಂತ ದುಡಿಮೆಗೆ ಮಾತ್ರ ಸಾಲಿರಲಿಲ್ಲ. ತಿಂಗಳಿಗೆ ನಲವತ್ತು ಸಾವಿರ ಲಾಭ ಎಂದು ಬರೆದಿದ್ದ. ಎದುರು ಪುಟದಲ್ಲಿ ಅಂಗಡಿಗಳಿಂದ ಬರಬೇಕಾದ ಉದ್ರಿ ಲಕ್ಷ ದಾಟಿತ್ತು. ಮರುವಾರದ ಜೋಳ ಖರೀದಿಗೆ ಅವನು ಅಕ್ಕನ ಬಳಿ ಕೈಗಡ ಕೇಳಿದ್ದ. ಆ ಹುಡುಗನ ಶ್ರಮದ ಬಗ್ಗೆ ನನಗೆ ಬಹಳ ಗೌರವವಿದೆ. ಅದಕ್ಕಾಗಿಯೇ, ಮೊದಲು ತನಗೊಂದು ಸಂಬಳ ಬರೆದುಕೊಂಡು ಆಮೇಲೆ ಲಾಭ ನೋಡು ಎಂದು ಹೇಳಿ ಬಂದೆ.

ಕಾಲೇಜಿಗೆ ಹೋದಾಗ ಅತಿ ದೊಡ್ಡ ಪ್ಯಾಕೇಜ್ ಎಷ್ಟು ಎಂದು ಕೇಳಬೇಡಿ. ಮೂರು ವರ್ಷದ ಹಿಂದೆ ಹೊರಬಿದ್ದ ತಂಡದಲ್ಲಿ ಎಷ್ಟು ಜನ ಸಂಬಳದಲ್ಲಿದ್ದಾರೆ, ಎಷ್ಟು ಜನರ ಉದ್ಯಮ ಇನ್ನೂ ನಡೆಯುತ್ತಿದೆ, ಅದರಲ್ಲಿ ಮನೆಯ ವ್ಯಾಪಾರಕ್ಕೇ ಮರಳಿದವರೆಷ್ಟು ಎಂದು ಕೇಳಿ, ಇಬ್ಬರು ಹಳೆಯ ವಿದ್ಯಾರ್ಥಿಗಳ ಜೊತೆ ಮಾತನಾಡಿ. ಅಮೆರಿಕದಲ್ಲಿ ಅತಿ ವೇಗವಾಗಿ ಬೆಳೆದ ಕಂಪನಿಗಳ ಸ್ಥಾಪಕರು ಅವುಗಳನ್ನು ಆರಂಭಿಸಿದಾಗ ಅವರ ಸರಾಸರಿ ವಯಸ್ಸು 45 ಎಂದೂ, ಅದೇ ಕ್ಷೇತ್ರದಲ್ಲಿ ಮೊದಲೇ ದುಡಿದವರು ಗೆಲ್ಲುವ ಸಾಧ್ಯತೆ ಹೆಚ್ಚೆಂದೂ 2020ರ ಅಧ್ಯಯನವೊಂದು ತೋರಿಸಿದೆ. ಆದ್ದರಿಂದ ಮಗಳು ಐದಾರು ವರ್ಷ ಬೀಜದ ಕಂಪನಿಯಲ್ಲೋ ಕೃಷಿ ಸಾಲ ಕೊಡುವ ಸಂಸ್ಥೆಯಲ್ಲೋ ದುಡಿದರೆ ಅದನ್ನು ಸೋಲೆಂದು ಭಾವಿಸಬೇಡಿ. ಪ್ರವೇಶಕ್ಕೆ ಮುನ್ನ ಈ ಮುಂಗಾರು ಬಿತ್ತನೆಯ ಹೊತ್ತಿಗೆ ಅವಳನ್ನು ಗಲ್ಲಾಪೆಟ್ಟಿಗೆಯ ಮೇಲೆ ಕೂರಿಸಿ, ಉದ್ರಿ ಪುಸ್ತಕವನ್ನೂ ಅವಳ ಕೈಗೇ ಕೊಡಿ. ಅದಾದ ಮೇಲೂ ಅವಳ ಉತ್ಸಾಹ ಹಾಗೇ ಇದ್ದರೆ ಓದಿಸಿ.

ಪ್ರಶ್ನೆ: ಈ ಪದವಿ ಇದ್ದರೆ ಉದ್ಯಮಕ್ಕೆ ಸರ್ಕಾರದ ಸಬ್ಸಿಡಿ ಸಾಲ ಸುಲಭವಾಗಿ ಸಿಗುತ್ತದೆಯೇ?
– ಓದುಗರೊಬ್ಬರು, ಅರಸೀಕೆರೆ

ಉತ್ತರ: ಪದವಿ ಬೇಕಾಗಿಲ್ಲ. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದ ನಿಯಮದಂತೆ, ತಯಾರಿಕಾ ಘಟಕದ ವೆಚ್ಚ 10 ಲಕ್ಷ ರೂಪಾಯಿ ಮೀರಿದಾಗಲೂ ಎಂಟನೇ ತರಗತಿ ಪಾಸಾಗಿದ್ದರೆ ಸಾಕು. ಗ್ರಾಮೀಣ ಭಾಗದಲ್ಲಿ ಘಟಕ ಹಾಕುವ ಮಹಿಳೆಗೆ ಯೋಜನಾ ವೆಚ್ಚದ ಶೇ 35ರಷ್ಟು ಸಬ್ಸಿಡಿ ಇದೆ, ಕೈಯಿಂದ ಹಾಕಬೇಕಾದ್ದು ಶೇ 5. ಬ್ಯಾಂಕಿನವರು ನೋಡುವುದು ಯೋಜನಾ ವರದಿಯನ್ನು, ಹಳೆಯ ಸಾಲದ ಮರುಪಾವತಿಯನ್ನು. ವರದಿ ಬರೆಯಲು, ಲೆಕ್ಕ ಇಡಲು ಕಲಿಯಬೇಕಿದ್ದರೆ 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯಲ್ಲಿ, ಅದೇ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗಳಲ್ಲಿ ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಊಟ, ವಸತಿ ಸಹಿತ ಉಚಿತ ತರಬೇತಿ ಸಿಗುತ್ತದೆ.