ಗಿಟಾರಿನ ಮ್ಯಾಲ ಶರೀಫಜ್ಜನ ಪದ: ಅಪ್ಪನ್ನ ಕರ್ಕೊಂಡು ಹೋಗ್ಲೇನ್ರಿ?

ಪ್ರಶ್ನೆ: ನಮ್ದು ಬೈಲಹೊಂಗಲ ಹತ್ರ ಹಳ್ಳಿ, ನಾ ಬೆಳಗಾವ್ಯಾಗ ಕೆಲಸ ಮಾಡ್ತೀನ್ರಿ. ಬರೋ ತಿಂಗಳ ಒಂದು ಶನಿವಾರ ಸಂಜೀಕ ಬೆಂಗಳೂರಾಗ ರಘು ದೀಕ್ಷಿತ್ ಅವರ ಶೋ ಐತಿ, ಎರಡು ಟಿಕೆಟ್ ತಗೊಂಡೇನಿ, ಒಂದು ನಂಗ, ಒಂದು ಅಪ್ಪಗ. ಅಪ್ಪಗ 63 ವರ್ಷ, ಊರಾಗ ಭಜನಿ ಮ್ಯಾಳದಾಗ ಹಾಡ್ತಾರ. ಮೊಬೈಲ್‌ನ್ಯಾಗ ಕೇಳಿಸಿದ್ರ "ಶರೀಫಜ್ಜನ ಪದಾ ಹಿಂಗ ಹಾಡ್ತಾರೇನವಾ" ಅಂದ್ರು. ಕರ್ಕೊಂಡು ಹೋಗ್ಲೋ ಬ್ಯಾಡೋ? ಎರಡು ದಿನದಾಗ ಹೆಂಗ ಹೋಗಿ ಬರೂದು?

ಉತ್ತರ: ಕರ್ಕೊಂಡು ಹೋಗ್ರಿ ತಂಗಿ. ಮೊಬೈಲ್ ಸ್ಪೀಕರ್‌ನ್ಯಾಗ ಕೇಳಿ ಅವರು ಹಂಗ ಅಂದಿದ್ರಾಗ ತಪ್ಪಿಲ್ಲ, ಅದ್ರಾಗ ಡ್ರಮ್ ಅಷ್ಟ ಮುಂದ ಬರ್ತೈತಿ, ಪದ ಹಿಂದ ಬೀಳ್ತೈತಿ. ನಮ್ಮ ಕಾಕಾನೂ ಭಜನಿ ಮನಷ್ಯಾನ. ಹೋದ ವರ್ಷ ಅವರನ್ನ ಬ್ಯಾರೆ ಒಬ್ಬ ಹುಡುಗನ ಶೋಕ ಕರ್ಕೊಂಡು ಹೋಗಿದ್ದೆ, ತಾನ ಬರೆದು ತಾನ ರಾಗಾ ಕಟ್ಟಿ ಹಾಡೋ ಹುಡುಗ. ಮೊದಲ ಎರಡು ಹಾಡು ಕಾಕಾ ಸುಮ್ನ ಕುಂತಿದ್ರು, ಮೂರನೇದ್ರಾಗ ಆ ಹುಡುಗ ಪಲ್ಲವಿ ಅರ್ಧಕ್ಕ ಬಿಟ್ಟು ಮೈಕ್ ಜನರ ಕಡೆ ಹಿಡಿದ, ಇಡೀ ಹಾಲ್ ಆ ಸಾಲು ಹಿಡೀತು, ಆಗ ಕಾಕಾ ನನ್ನ ಕಡೆ ಬಾಗಿ "ನಮ್ಮ ಮ್ಯಾಳದ ಹಂಗ ಐತಲಾ" ಅಂದ್ರು. ಒಬ್ಬ ಹಾಡೂದು, ಉಳಿದವರು ಹಿಂದ ಹಿಡಿಯೂದು, ಅದು ಅವರಿಗೆ ಯಾರೂ ಹೇಳಿ ಕೊಡಬೇಕಾಗಿಲ್ಲ.

ಶರೀಫಜ್ಜ 1819ರಾಗ ಹುಟ್ಟಿದವರು, ಈಗಿನ ಹಾವೇರಿ ಜಿಲ್ಲಾದ ಶಿಶುವಿನಹಾಳದವರು, ಅವರ ಪದ ಬಾಯಿಂದ ಬಾಯಿಗೆ ಇಲ್ಲೀತನಕ ಬಂದಾವ. ರಘು ದೀಕ್ಷಿತ್ 2008ರ ಮೊದಲ ಆಲ್ಬಮ್ಮಿನಾಗ ಸ್ವಂತ ಹಾಡಿನ ಜೊತಿ ಗುಡುಗುಡಿ ಪದಾನೂ ಸೋರೋ ಮಾಳಿಗಿ ಪದಾನೂ ಇಟ್ರು, ಲುಂಗಿ ಉಟ್ಟು ಕಾಲಿಗೆ ಗೆಜ್ಜಿ ಕಟ್ಟಿ ಅವನ್ನ ಪರದೇಶದ ಸ್ಟೇಜಿಗೂ ಒಯ್ದ್ರು. ಬೆಂಗಳೂರಿನ ಎಷ್ಟೋ ಹುಡುಗರು ಮಣ್ಣಿನ ಮಾಳಿಗಿ ಕಂಡಿಲ್ಲ, ನಿಮ್ಮಪ್ಪ ಮಳಿಗಾಲದಾಗ ಅದು ಸೋರೂದು ಕಂಡವರು, ಆ ಪದ ಬಂದ್ರ ನಿಮಗಿಂತ ಅವರಿಗೇ ಹೆಚ್ಚು ತಟ್ತೈತಿ. ಆದ್ರ ಅವತ್ತು ಯಾವ ಹಾಡು ಹಾಡ್ತಾರ ಅನ್ನೂದು ಅವರ ಕೈಯಾಗ, ಅದಕ್ಕ ಹೋಗೂಕಿಂತ ಮೊದಲ ಅವರ ಸ್ವಂತ ಹಾಡು ನಾಲ್ಕೈದರೆ ಅಪ್ಪಗ ಇಯರ್‌ಫೋನ್ ಹಾಕಿ ಕೇಳಸ್ರಿ, ಹಿಂದಿ ಹಾಡಿದ್ರ ಅರ್ಥಾನೂ ಹೇಳ್ರಿ.

ಪ್ರಯಾಣ ಅಂದ್ರ, ಶುಕ್ರವಾರ ರಾತ್ರಿ ಟ್ರೇನ್ ಹಿಡೀರಿ. 2025ರ ಆಗಸ್ಟ್‌ನಿಂದ ವಂದೇ ಭಾರತ್ ಬಂದೈತಿ ಖರೆ, ನಸುಕಿನ್ಯಾಗ ಬೆಳಗಾವಿ ಬಿಟ್ಟು ಮಧ್ಯಾಹ್ನ ಮುಟ್ಟಸ್ತೈತಿ, ಆದ್ರ ಎಂಟು ತಾಸಿನ ಮ್ಯಾಲ ಕುಂತ ಬಂದು ಮತ್ತ ಸಂಜೀಕ ಶೋ ಅಂದ್ರ ಅವರಿಗೆ ಸಾಕಾಗ್ತೈತಿ. ಅಪ್ಪನ ಟಿಕೆಟ್ ಬ್ಯಾರೆ ಮಾಡಸ್ರಿ: 60 ದಾಟಿದ ಗಂಡಸರಿಗೆ ಲೋವರ್ ಬರ್ತ್ ಕೋಟಾ ಐತಿ, ನಿಮ್ಮ ಜೊತಿ ಒಂದ ಟಿಕೆಟ್‌ನ್ಯಾಗ ಮಾಡಸಿದ್ರ ಅದು ಸಿಗೂದಿಲ್ಲ. ವಾಪಸ್ ಭಾನುವಾರ ರಾತ್ರಿಗೇ ಇಟ್ಕೋರಿ, ಶೋ ಮುಗಿಸಿ ಅದೇ ರಾತ್ರಿ ಸ್ಟೇಷನ್‌ಗೆ ಓಡೂದು ಬ್ಯಾಡ, ಕಡೀ ಹಾಡು ತಪ್ತೈತಿ.

ನಿಮ್ಮ ಟಿಕೆಟ್ ಕುಂಡ್ರೂದೋ ನಿಂದ್ರೂದೋ ಇವತ್ತ ನೋಡ್ರಿ. ನಿಂದ್ರೂದು ಇದ್ರ ಆಯೋಜಕರಿಗೆ ಫೋನ್ ಮಾಡಿ ಹಿರಿಯರು ಬರ್ತಾರ, ಒಂದು ಕುರ್ಚಿ ಬೇಕು ಅಂತ ಕೇಳ್ರಿ, ಸಂಕೋಚ ಬ್ಯಾಡ. ಬಯಲಾಗಿನ ಶೋ ಆದ್ರ ರಾತ್ರಿ 10ಕ್ಕ ಸ್ಪೀಕರ್ ಬಂದ್ ಮಾಡಬೇಕು, ಅದಕ್ಕ ಬೇಗ ಶುರು ಮಾಡ್ತಾರ, ಅರ್ಧ ತಾಸು ಮೊದಲ ಹೋಗ್ರಿ. ಸ್ಪೀಕರ್ ಮುಂದ ಮಾತ್ರ ನಿಂದ್ರಬ್ಯಾಡ್ರಿ, ಸೌಂಡ್ ಮಿಕ್ಸರ್ ಇಟ್ಟಿರ್ತಾರಲ್ಲ, ಆ ಟೇಬಲ್ ಹತ್ರ ಜಾಗಾ ಹಿಡೀರಿ, ಮಾತು ಅಲ್ಲೇ ಸ್ಪಷ್ಟ ಕೇಳ್ತಾವ.

ಮುಗಿದ ಕೂಡ್ಲೇ "ಹೆಂಗಿತ್ತಪ್ಪಾ" ಅಂತ ಕೇಳಬ್ಯಾಡ್ರಿ. ನಮ್ಮ ಕಾಕಾ ಆ ರಾತ್ರಿ ಏನೂ ಅನ್ನಲಿಲ್ಲ, ಮರುದಿನ ಟ್ರೇನ್ ತುಮಕೂರು ದಾಟಿದ ಮ್ಯಾಲ "ಆ ಮೂರನೇ ಹಾಡು ಹಚ್ಚು" ಅಂದ್ರು.