ಮೊಮ್ಮಗಳನ್ನೇ ಮರೆತ ಅಜ್ಜಿಗೆ ರಂಗೋಲಿ ಹೇಗೆ ನೆನಪಿದೆ?

ಪ್ರಶ್ನೆ: ನಮ್ಮ ಅಜ್ಜಿಗೆ 81 ವರ್ಷ. ಅಲ್ಝೈಮರ್ ಕಾಯಿಲೆ ಇದೆ. ನನ್ನನ್ನೇ ‘ನೀನು ಯಾರ ಮನೆ ಹುಡುಗಿ?’ ಅಂತ ಕೇಳ್ತಾರೆ. ಆದರೆ ರಂಗೋಲಿ ಪುಡಿ ಸಿಕ್ಕರೆ 15 ಚುಕ್ಕಿಯ ರಂಗೋಲಿಯನ್ನು ಒಂದು ಎಳೆಯೂ ತಪ್ಪದೆ ಹಾಕ್ತಾರೆ. ಮೆದುಳಿಗೆ ಕಾಯಿಲೆ ಆಗಿದ್ದರೆ ಇದು ಹೇಗೆ ಸಾಧ್ಯ? ಮನಸ್ಸು ಮೆದುಳಿಗಿಂತ ಬೇರೆಯಾ?
– ಓದುಗರೊಬ್ಬರು, ಸಾಗರ

ಉತ್ತರ: ನಿಮ್ಮ ಪತ್ರ ಓದಿದಾಗ ನನಗೆ ಹೆನ್ರಿ ಮೊಲೈಸನ್ ನೆನಪಾದರು. ಅಮೆರಿಕದ ಕನೆಕ್ಟಿಕಟ್‌ನವರು. ಅವರಿಗೆ ಮೂರ್ಛೆರೋಗ ವಿಪರೀತವಾಗಿತ್ತು. 1953ರಲ್ಲಿ, ಅವರಿಗೆ 27 ವರ್ಷವಾಗಿದ್ದಾಗ, ಮೆದುಳಿನ ಎರಡೂ ಬದಿಯಲ್ಲಿರುವ ಹಿಪ್ಪೊಕ್ಯಾಂಪಸ್ ಎಂಬ ಅಂಗದ ದೊಡ್ಡ ಭಾಗವನ್ನು ಆಪರೇಷನ್ ಮಾಡಿ ತೆಗೆದರು. ಫಿಟ್ಸ್ ಕಡಿಮೆಯಾಯಿತು. ಆದರೆ ಅಂದಿನಿಂದ ಹೊಸ ಸಂಗತಿ ಯಾವುದೂ ತಲೆಯಲ್ಲಿ ನಿಲ್ಲಲಿಲ್ಲ. ಈಗಷ್ಟೇ ಮಾತಾಡಿ ಎದ್ದುಹೋದವರು ಸ್ವಲ್ಪ ಹೊತ್ತು ಬಿಟ್ಟು ಬಂದರೆ, ಅವರ ಪಾಲಿಗೆ ಹೊಸಬರು. ಬುದ್ಧಿ ಚುರುಕಾಗಿಯೇ ಇತ್ತು. ಬಾಲ್ಯವೂ ನೆನಪಿತ್ತು.

ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಹೆನ್ರಿಗೊಂದು ಕೆಲಸ ಕೊಟ್ಟರು. ಕಾಗದದ ಮೇಲೆ ಜೋಡಿಗೆರೆಯ ನಕ್ಷತ್ರ. ಆ ಗೆರೆಗಳ ನಡುವೆ ಪೆನ್ಸಿಲ್ ಎಳೆಯಬೇಕು. ಆದರೆ ಕೈಯನ್ನು ನೇರವಾಗಿ ನೋಡುವಂತಿಲ್ಲ, ಕನ್ನಡಿಯಲ್ಲಿ ಮಾತ್ರ ನೋಡಬೇಕು. ನೀವೂ ಮಾಡಿ ನೋಡಿ, ಕೈ ಎತ್ತೆತ್ತಲೋ ಹೋಗುತ್ತದೆ. ಹೆನ್ರಿ ಮೂರು ದಿನ ಮಾಡಿದರು. ದಿನದಿಂದ ದಿನಕ್ಕೆ ತಪ್ಪು ಕಡಿಮೆಯಾಗುತ್ತಾ ಹೋಯಿತು. ಮೂರನೇ ದಿನವೂ ಅವರಿಗೆ ಅದನ್ನು ಹಿಂದೆ ಮಾಡಿದ ನೆನಪೇ ಇರಲಿಲ್ಲ. ಕೈ ಕಲಿತಿತ್ತು. ಕಲಿತದ್ದು ಅವರಿಗೇ ಗೊತ್ತಿರಲಿಲ್ಲ!

ನಮಗೆ ನೆನಪು ಅಂದರೆ ಒಂದೇ ಅನ್ನಿಸುತ್ತದೆ. ಮೆದುಳು ಅದನ್ನು ಬೇರೆ ಬೇರೆ ಕಡೆ ನೋಡಿಕೊಳ್ಳುತ್ತದೆ. ನಿನ್ನೆ ಯಾರು ಬಂದರು, ಏನು ಹೇಳಿದರು ಎನ್ನುವುದಕ್ಕೆ ಹಿಪ್ಪೊಕ್ಯಾಂಪಸ್ ಬೇಕು. ಅಲ್ಝೈಮರ್ ಸಾಮಾನ್ಯವಾಗಿ ಶುರುವಾಗುವುದೇ ಅದರ ಆಸುಪಾಸಿನಲ್ಲಿ. ಕೈಗೆ ಕೂತ ಕೆಲಸವನ್ನು ಮೆದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾ ಮತ್ತು ಹಿಂಬದಿಯ ಕಿರುಮೆದುಳು ಜಾಸ್ತಿ ನೋಡಿಕೊಳ್ಳುತ್ತವೆ. ನಿಮ್ಮ ಅಜ್ಜಿ ಎಷ್ಟು ವರ್ಷ ಹೊಸಿಲ ಮುಂದೆ ಕೂತಿದ್ದಾರೋ, ಅಷ್ಟು ವರ್ಷ ಆ ನರಕೋಶಗಳ ನಡುವಿನ ಕೊಂಡಿ ಗಟ್ಟಿಯಾಗಿದೆ. ಕಾಯಿಲೆ ಅಲ್ಲಿಗೆ ತಡವಾಗಿ ತಲುಪುತ್ತದೆ.

ಮನಸ್ಸು ಬೇರೆಯೇ ಇದ್ದಿದ್ದರೆ, ಮೆದುಳಿನ ಒಂದು ಚೂರು ಹೋದಾಗ ಒಂದೇ ಬಗೆಯ ನೆನಪು ಹೋಗಿ ಉಳಿದದ್ದು ಉಳಿಯುತ್ತಿತ್ತೇ? ಸುಮಾರು 8,600 ಕೋಟಿ ನರಕೋಶಗಳು ಸೇರಿ ಮಾಡುವ ಕೆಲಸವೇ ಮನಸ್ಸು ಅಂತ ನಾನು ನಂಬುತ್ತೇನೆ. ಕಾಲನ್ನು ಬಿಚ್ಚಿ ನೋಡಿದರೆ ಒಳಗೆ ನಡಿಗೆ ಸಿಗಲ್ಲ, ಅಲ್ವಾ? ಆದರೆ ಮೆದುಳಿನ ಈ ಕೆಲಸ ಒಳಗಿನಿಂದ ‘ನಾನು’ ಅಂತ ಯಾಕೆ ಅನ್ನಿಸಬೇಕು? ಅದಿನ್ನೂ ಗೊತ್ತಿಲ್ಲ. ಪ್ರಜ್ಞೆಯ ಗುರುತು ಮೆದುಳಿನಲ್ಲಿ 25 ವರ್ಷದೊಳಗೆ ಸ್ಪಷ್ಟವಾಗಿ ಸಿಗುತ್ತದೆ ಎಂದು 1998ರಲ್ಲಿ ವಿಜ್ಞಾನಿ ಕ್ರಿಸ್ಟಾಫ್ ಕಾಕ್ ತತ್ವಜ್ಞಾನಿ ಡೇವಿಡ್ ಚಾಮರ್ಸ್ ಜೊತೆ ಬಾಜಿ ಕಟ್ಟಿದ್ದರು. 2023ರಲ್ಲಿ ಕಾಕ್ ಸೋಲು ಒಪ್ಪಿಕೊಂಡರು.

ನಿಮಗೆ ಇನ್ನೊಂದು ಮಾತು ಹೇಳಲೇಬೇಕು. ಐಯೋವಾ ವಿಶ್ವವಿದ್ಯಾಲಯದವರು ಅಲ್ಝೈಮರ್ ಇರುವವರಿಗೆ ಖುಷಿಯ ಮತ್ತು ದುಃಖದ ಸಿನಿಮಾ ತುಣುಕು ತೋರಿಸಿದ್ದರು. ನೋಡಿದ್ದು ಮರೆತುಹೋಯಿತು. ಖುಷಿಯೂ ದುಃಖವೂ ಆಮೇಲೂ ಉಳಿದಿದ್ದವು. ಅದಕ್ಕೇ ‘ನಾನ್ಯಾರು ಹೇಳಿ’ ಅಂತ ಅಜ್ಜಿಯನ್ನು ಪರೀಕ್ಷೆ ಮಾಡಬೇಡಿ. ‘ಎಷ್ಟು ಚುಕ್ಕಿ?’ ಅಂತಲೂ ಕೇಳಬೇಡಿ, ಉತ್ತರ ಬಾಯಲ್ಲಿಲ್ಲ, ಬೆರಳಲ್ಲಿದೆ. ಸುಮ್ನೆ ಪುಡಿಯ ಬಟ್ಟಲು ಕೈಗೆ ಕೊಟ್ಟು ಪಕ್ಕದಲ್ಲಿ ಕೂತುಕೊಳ್ಳಿ.